ಮಾನವೀಯ ನೆರವಿನ ಕಸುಬು ಮತ್ತು ಅದನ್ನು ಕಲಿಯುವ ನೆಲ

ಯುದ್ಧ, ಬರ, ಭೂಕಂಪ, ಸಾಂಕ್ರಾಮಿಕ ರೋಗಗಳಂತಹ ಸಂಕಟಗಳಲ್ಲಿ ಸಿಲುಕಿದ ಜನರ ಜೀವ ಉಳಿಸುವ, ನೋವು ತಗ್ಗಿಸುವ ಮತ್ತು ಮಾನಮರ್ಯಾದೆ ಕಾಯುವ ಸಂಘಟಿತ ಕೆಲಸಕ್ಕೆ ಮಾನವೀಯ ನೆರವು ಎಂಬ ಹೆಸರಿದೆ. ಅದು ದೇಶದ ಗಡಿ ದಾಟಿ ನಡೆದಾಗ ಅಂತರರಾಷ್ಟ್ರೀಯ ಮಾನವೀಯ ನೆರವು ಎನಿಸಿಕೊಳ್ಳುತ್ತದೆ. ವರ್ಷಗಟ್ಟಲೆ ನಡೆಯುವ ಅಭಿವೃದ್ಧಿ ಕಾರ್ಯಕ್ಕಿಂತ ಇದು ಬೇರೆ, ಏಕೆಂದರೆ ಇಲ್ಲಿ ನಿರ್ಧಾರಗಳು ಗಂಟೆಗಳ ಲೆಕ್ಕದಲ್ಲಿ ಆಗಬೇಕಾಗುತ್ತವೆ ಮತ್ತು ತಪ್ಪಿದ ನಿರ್ಧಾರದ ಬೆಲೆಯನ್ನು ತೆರುವವರು ನಿರ್ಧರಿಸಿದವರಾಗಿರುವುದಿಲ್ಲ. ಗಾಜಾ, ಸುಡಾನ್, ಉಕ್ರೇನ್‌ಗಳ ದೃಶ್ಯಗಳು ಕೈಯಲ್ಲಿನ ಮೊಬೈಲಿಗೇ ಬಂದು ಬೀಳುವ ಈ ದಿನಗಳಲ್ಲಿ, ಓದು ಮುಗಿಸುತ್ತಿರುವ ಅನೇಕ ತರುಣ ತರುಣಿಯರಲ್ಲಿ ಇಂತಹ ಕೆಲಸಕ್ಕೆ ಹೋಗಬೇಕೆಂಬ ಪ್ರಾಮಾಣಿಕ ಹಂಬಲ ಹುಟ್ಟುತ್ತಿದೆ, ಮತ್ತು ಆ ಹಂಬಲವನ್ನು ಗೌರವದಿಂದಲೇ ಕಾಣಬೇಕು. ಆದರೆ ಅದಕ್ಕೆ ದಾರಿ ಯಾವುದೆಂಬ ಪ್ರಶ್ನೆ ಬಂದೊಡನೆ ಮಾತು ಯಾವ ವಿದೇಶಿ ವಿಶ್ವವಿದ್ಯಾಲಯದ ಪದವಿ, ಯಾವ ಸಂಸ್ಥೆಯ ಇಂಟರ್ನ್‌ಶಿಪ್ ಎಂಬ ಕಡೆಗೆ ತಿರುಗಿಬಿಡುತ್ತದೆ. ಈ ಬರಹದ ವಾದ ಬೇರೆ: ಈ ಕೆಲಸಕ್ಕೆ ಬೇಕಾದ ಮೊದಲ ಅರ್ಹತೆ ಯಾವುದಾದರೊಂದು ಕಸುಬಿನ ಮೇಲಿನ ಹಿಡಿತ, ಮತ್ತು ಆ ಹಿಡಿತ ಬರುವುದು ತಪ್ಪು ಮಾಡಿದಾಗ ಎದುರು ನಿಂತು ಕೇಳಬಲ್ಲ ಜನರ ನಡುವೆ, ಅಂದರೆ ಬಹುಮಟ್ಟಿಗೆ ತನ್ನದೇ ನಾಡಿನಲ್ಲಿ, ಕೆಲವು ವರ್ಷ ದುಡಿದಾಗ.

ಈ ಕ್ಷೇತ್ರದ ಮೂಲಪುರುಷನೆನಿಸಿದ ಹೆನ್ರಿ ಡ್ಯೂನಾಂಟ್‌ನ ಕಥೆಯನ್ನು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಪಾಠಕ್ಕಾಗಿಯೇ ಹೇಳಲಾಗುತ್ತದೆ. 1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊದಲ್ಲಿ ಯುದ್ಧ ನಡೆದಾಗ ಆತ 31 ವರ್ಷದ ವ್ಯಾಪಾರಿ. ವೈದ್ಯಕೀಯದ ಗಂಧವಿಲ್ಲದಿದ್ದರೂ ಹತ್ತಿರದ ಕಾಸ್ತಿಲ್ಯೋನೆ ಎಂಬ ಊರಿನ ಇಗರ್ಜಿಯಲ್ಲಿ ರಾಶಿಬಿದ್ದ ಗಾಯಾಳುಗಳಿಗೆ ನೀರು ಕೊಟ್ಟು, ಗಾಯ ತೊಳೆದು, ಊರಿನ ಹೆಂಗಸರೊಡನೆ ಹಗಲಿರುಳು ನಿಂತ. ಇಷ್ಟಕ್ಕೇ ನಿಂತರೆ ಅನುಕಂಪವೇ ಸಾಕೆಂದು ಅನ್ನಿಸಬಹುದು. ಆದರೆ 1862ರಲ್ಲಿ ಆತ ಪ್ರಕಟಿಸಿದ ಪುಸ್ತಕದ ತಿರುಳು ಇರುವುದು ಅದರ ಕೊನೆಯ ಭಾಗದಲ್ಲಿ. ಯುದ್ಧ ಆರಂಭವಾದ ಮೇಲೆ ಓಡಿಬರುವ ದಯಾವಂತರಿಂದ ಹೆಚ್ಚೇನೂ ಆಗದು, ಆದ್ದರಿಂದ ಶಾಂತಿಯ ಕಾಲದಲ್ಲಿಯೇ ಪ್ರತಿಯೊಂದು ದೇಶದಲ್ಲೂ ಪರಿಹಾರ ಸಂಘಗಳನ್ನು ಕಟ್ಟಿ ಸ್ವಯಂಸೇವಕರನ್ನು ಅಣಿಗೊಳಿಸಬೇಕು ಎಂಬುದು ಅಲ್ಲಿನ ಪ್ರಸ್ತಾಪ. 1863ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸಮಿತಿ ಮುಂದೆ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯಾಯಿತು, ಮರುವರ್ಷ ಮೊದಲ ಜಿನೀವಾ ಒಪ್ಪಂದ ಬಂತು. ತಾನು ಬರಿಗೈಯಲ್ಲಿ ಮಾಡಿದ್ದು ಸಾಲದೆಂಬ ಅರಿವಿನಿಂದಲೇ ಡ್ಯೂನಾಂಟ್ ದೊಡ್ಡವನಾದ ಎಂದು ತಿಳಿಯುವುದು ಹೆಚ್ಚು ನ್ಯಾಯ.

ಕಸುಬಿನ ಹಿಡಿತ ಎಂದರೇನು ಎಂಬುದನ್ನು ಭಾರತದ್ದೇ ಒಂದು ಪ್ರಸಂಗ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಾಗ ಶಿಬಿರಗಳಲ್ಲಿ ಕಾಲರಾ ಹರಡಿತು. ಕಾಲರಾ ಕೊಲ್ಲುವುದು ದೇಹದ ನೀರು ಮತ್ತು ಲವಣಗಳನ್ನು ಕೆಲವೇ ಗಂಟೆಗಳಲ್ಲಿ ಬಸಿದುಹಾಕುವ ಮೂಲಕ. ಅಂದಿನ ಚಿಕಿತ್ಸೆ ರಕ್ತನಾಳದ ಮೂಲಕ ಸಲೈನ್ ಏರಿಸುವುದು, ಅಂದರೆ ಕ್ರಿಮಿಶುದ್ಧಗೊಳಿಸಿದ ದ್ರವ, ಸೂಜಿ, ನಳಿಗೆ, ಮತ್ತು ಅವನ್ನು ಬಳಸಬಲ್ಲ ದಾದಿಯರು ಬೇಕಾದ ಚಿಕಿತ್ಸೆ. ಗಡಿಯ ಪಟ್ಟಣವಾದ ಬನಗಾಂವ್‌ನ ಆಸ್ಪತ್ರೆಯಲ್ಲಿ ರೋಗಿಗಳು ಎರಡು ಕೋಣೆಗಳ ನೆಲದ ಮೇಲೆಲ್ಲ ಮಲಗಿದ್ದರು, ಸಲೈನ್ ದಾಸ್ತಾನು ಮುಗಿಯುತ್ತ ಬಂದಿತ್ತು. ಕೋಲ್ಕತ್ತದ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಿಂದ ಅಲ್ಲಿಗೆ ಹೋಗಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಆಗ ತೆಗೆದುಕೊಂಡ ನಿರ್ಧಾರ ಬಹಳ ಸರಳವಾದುದು, ಬಹಳ ಧೈರ್ಯದ್ದೂ ಹೌದು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದ ಪುಡಿಯನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಸಿ ತಂದು, ಡ್ರಮ್ಮುಗಳಲ್ಲಿ ಕದಡಿ, ರೋಗಿಯ ಪಕ್ಕದಲ್ಲಿದ್ದ ತಾಯಿಗೋ ತಮ್ಮನಿಗೋ ಲೋಟ ಕೊಟ್ಟು ಕುಡಿಸಲು ಹೇಳಲಾಯಿತು. ಎರಡು ತಿಂಗಳ ಅವಧಿಯಲ್ಲಿ ಸುಮಾರು 3,700 ರೋಗಿಗಳಿಗೆ ಹೀಗೆ ಚಿಕಿತ್ಸೆ ನಡೆಯಿತು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 3.6ಕ್ಕೆ ಇಳಿಯಿತು. ಇಂದು ಹಳ್ಳಿಯ ಅಂಗನವಾಡಿಯಲ್ಲೂ ಸಿಗುವ ಓ.ಆರ್.ಎಸ್. ಪೊಟ್ಟಣ, ಅಂದರೆ ಬಾಯಿಯ ಮೂಲಕ ದೇಹಕ್ಕೆ ನೀರು ಮತ್ತು ಲವಣ ತುಂಬುವ ಮಿಶ್ರಣ, ಜಗತ್ತಿನ ವಿಶ್ವಾಸ ಗಳಿಸಿದ್ದರಲ್ಲಿ ಆ ಎರಡು ಕೋಣೆಗಳ ಪಾಲು ದೊಡ್ಡದು.

ಇದನ್ನು ಒಂದು ಕ್ಷಣದ ಹೊಳಹು ಎಂದು ಓದುವುದು ತಪ್ಪಾಗುತ್ತದೆ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದನ್ನು ಢಾಕಾ ಮತ್ತು ಕೋಲ್ಕತ್ತದ ಸಂಶೋಧಕರು 1960ರ ದಶಕದಲ್ಲಿ ತೋರಿಸಿಕೊಟ್ಟಿದ್ದರು, ಆ ಕೋಲ್ಕತ್ತದ ತಂಡದಲ್ಲಿ ಮಹಲನಬಿಸ್ ಕೂಡ ಒಬ್ಬರಾಗಿದ್ದರು. ಸಲೈನ್ ಯಾರಿಗೆ ಅನಿವಾರ್ಯ, ಯಾರಿಗೆ ಲೋಟದ ನೀರೇ ಸಾಕು ಎಂದು ಕಣ್ಣಳತೆಯಲ್ಲಿ ಹೇಳುವ ಶಕ್ತಿ ಅವರಿಗೆ ಬಂದದ್ದು ವರ್ಷಗಳ ಕಾಲ ಕಾಲರಾ ರೋಗಿಗಳ ಪಕ್ಕದಲ್ಲಿ ಕಳೆದುದರಿಂದ. ಆ ಅನುಭವವಿಲ್ಲದವರು ಅಂತಹ ಹೊತ್ತಿನಲ್ಲಿ ಪುಸ್ತಕದ ವಿಧಾನವನ್ನು ಬಿಟ್ಟುಕೊಡಲು ಅಂಜುತ್ತಾರೆ, ಇಲ್ಲವೇ ಅಂಜದೆ ಬಿಟ್ಟುಕೊಟ್ಟು ಅನಾಹುತ ಮಾಡುತ್ತಾರೆ. 1975ರಿಂದ 1979ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನ, ಈಜಿಪ್ಟ್ ಮತ್ತು ಯೆಮೆನ್‌ಗಳಲ್ಲಿ ಕಾಲರಾ ನಿಯಂತ್ರಣಕ್ಕಾಗಿ ದುಡಿದ ಮಹಲನಬಿಸ್ ಆ ದೇಶಗಳಿಗೆ ಒಯ್ದದ್ದು ಬಂಗಾಳದಲ್ಲಿ ಮಾಗಿದ ತಿಳಿವಳಿಕೆಯನ್ನು. ಒಬ್ಬ ತರುಣನಿಗೆ ಈ ಕ್ಷೇತ್ರದ ದಾರಿಯನ್ನು ತೋರಿಸುವುದಾದರೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗಲಾರದು.

ಇದರ ಮಗ್ಗುಲಿಗೇ 1994ರ ಗೋಮಾವನ್ನು ಇಟ್ಟು ನೋಡಬೇಕು. ರುವಾಂಡಾದ ನರಮೇಧದ ಬೆನ್ನಿಗೆ, ಜುಲೈ ತಿಂಗಳಲ್ಲಿ, ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ ಅಂದಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಬಂದು ನೆಲೆಸಿದರು. ಅದು ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಕಲ್ಲಾದ ನೆಲ. ಕಕ್ಕಸು ಗುಂಡಿ ತೋಡಲೂ ಹೆಣ ಹೂಳಲೂ ಹಾರೆ ಇಳಿಯುತ್ತಿರಲಿಲ್ಲ, ಕುಡಿಯಲು ಕಿವು ಸರೋವರದ ನೀರೇ ಗತಿಯಾಗಿತ್ತು. ಮೊದಲ ಒಂದು ತಿಂಗಳಲ್ಲಿ ಸುಮಾರು 50,000 ಜನ ಸತ್ತರು, ಅವರಲ್ಲಿ ಬಹುಪಾಲು ಕಾಲರಾ ಮತ್ತು ಆಮಶಂಕೆಯಿಂದ. ಓ.ಆರ್.ಎಸ್. ಗೊತ್ತಿಲ್ಲದ ಕಾಲವಲ್ಲ ಅದು, ಜಗತ್ತಿನ ಮೂಲೆಮೂಲೆಯಿಂದ ಸಂಸ್ಥೆಗಳೂ ಧಾವಿಸಿದ್ದವು. ಹಾಗಿದ್ದೂ ಚಿಕಿತ್ಸಾ ಕೇಂದ್ರಗಳೊಳಗೇ ಅಷ್ಟು ಜನ ಏಕೆ ಸತ್ತರು ಎಂಬುದನ್ನು ಪರಿಶೀಲಿಸಿದ್ದು ಢಾಕಾದ ಅತಿಸಾರ ಸಂಶೋಧನಾ ಕೇಂದ್ರದಿಂದ ಹೋಗಿದ್ದ ಬಾಂಗ್ಲಾದೇಶದ ತಂಡ. ದೇಹಕ್ಕೆ ನೀರು ತುಂಬುವ ವೇಗ ಸಾಲದು, ಓ.ಆರ್.ಎಸ್. ಬಳಕೆ ಕಡಿಮೆ, ಏರಿಸುತ್ತಿದ್ದ ಸಲೈನ್ ಕಾಲರಾಕ್ಕೆ ತಕ್ಕುದಲ್ಲ, ತೀವ್ರ ಕಾಲರಾವನ್ನು ನಿಭಾಯಿಸಿದ ಅನುಭವ ಸಿಬ್ಬಂದಿಗೆ ಇಲ್ಲ ಎಂಬ ಅವರ ತೀರ್ಮಾನ 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಮರುಕದ ಕೊರತೆ ಇತ್ತೆಂದು ಯಾರೂ ಹೇಳಲಾರರು. ಬಡ ದೇಶವೊಂದರ ವೈದ್ಯರು ತಮ್ಮ ಮನೆಯಂಗಳದಲ್ಲಿ ದಿನನಿತ್ಯ ಮಾಡುತ್ತಿದ್ದ ಕೆಲಸ ಸಿರಿವಂತ ದೇಶಗಳಿಂದ ಬಂದ ಉತ್ಸಾಹಿಗಳಿಗೆ ಗೊತ್ತಿರಲಿಲ್ಲ ಎಂಬುದಷ್ಟೇ ಸತ್ಯ, ಮತ್ತು ಆ ಅಜ್ಞಾನಕ್ಕೆ ಜನ ಸತ್ತರು.

ಗೋಮಾದ ನಂತರ ನೆರವಿನ ಸಂಸ್ಥೆಗಳು ಆತ್ಮಾವಲೋಕನಕ್ಕೆ ಇಳಿದವು, 1997ರಲ್ಲಿ ಸ್ಫಿಯರ್ ಎಂಬ ಹೆಸರಿನ ಜಂಟಿ ಪ್ರಯತ್ನ ಆರಂಭವಾಯಿತು. ಸಂಕಟದಲ್ಲಿರುವ ವ್ಯಕ್ತಿಗೆ ಕನಿಷ್ಠ ಎಷ್ಟು ಸಿಗಬೇಕೆಂದು ಅಳತೆಗಳಲ್ಲಿ ಹೇಳುವ ಕೈಪಿಡಿ ಅದರ ಫಲ: ದಿನಕ್ಕೆ ತಲಾ 15 ಲೀಟರ್ ನೀರು, 250 ಜನರಿಗೆ ಒಂದು ನಲ್ಲಿ, ನಲ್ಲಿ 500 ಮೀಟರಿನೊಳಗೆ, ಸರದಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯುವಂತಿಲ್ಲ, 20 ಜನರಿಗೆ ಒಂದು ಕಕ್ಕಸು, ತಲೆಗೆ 3.5 ಚದರ ಮೀಟರ್ ಸೂರು. ಹೊರಗಿನಿಂದ ನೋಡಿದರೆ ಇವು ಒಣ ಅಂಕಿಗಳು. ಆದರೆ ನಲ್ಲಿ ದೂರವಿದ್ದರೆ ಕತ್ತಲಲ್ಲಿ ಕೊಡ ಹಿಡಿದು ಹೋಗುವ ಹುಡುಗಿಗೆ ಏನಾಗಬಹುದು, ಸರದಿ ಉದ್ದವಾದರೆ ಯಾರು ಮೊದಲು ಹಳ್ಳದ ನೀರಿಗೆ ಇಳಿಯುತ್ತಾರೆ, ಗಂಡಸರ ಕಕ್ಕಸಿನ ಪಕ್ಕದಲ್ಲೇ ಹೆಂಗಸರದನ್ನೂ ಕಟ್ಟಿದರೆ ಅದನ್ನು ಯಾರೂ ಬಳಸದಿರುವುದು ಏಕೆ ಎಂಬುದನ್ನು ಕಂಡವರಿಗೆ ಪ್ರತಿಯೊಂದು ಅಂಕಿಯ ಹಿಂದಿನ ಮುಖ ಕಾಣುತ್ತದೆ. ಕೈಪಿಡಿಯನ್ನು ಬಾಯಿಪಾಠ ಮಾಡಿದವರಿಗೂ ಅದನ್ನು ಒಂದು ಊರಿನಲ್ಲಿ ಆಚರಣೆಗೆ ತಂದವರಿಗೂ ಇರುವ ಅಂತರ ಇಲ್ಲಿದೆ.

ಇಲ್ಲಿಂದ ವಾದದ ಎರಡನೆಯ ಅರ್ಧ ಆರಂಭವಾಗುತ್ತದೆ: ಕಸುಬನ್ನು ಎಲ್ಲಿ ಕಲಿಯಬೇಕು? ನಿರಾಶ್ರಿತರ ಶಿಬಿರದಲ್ಲಿ ನೆರವು ಪಡೆಯುವವರಿಗೆ ನೆರವು ಕೊಡುವವರನ್ನು ಪ್ರಶ್ನಿಸುವ ಶಕ್ತಿ ಬಹಳ ಕಡಿಮೆ. ಅವರು ಆ ಸಂಸ್ಥೆಯನ್ನು ಆರಿಸಿದವರಲ್ಲ, ಅದರ ಕಚೇರಿ ಇರುವ ದೇಶದ ಮತದಾರರಲ್ಲ, ಮುನಿಸಿಕೊಂಡರೆ ಮುಂದಿನ ಪಡಿತರ ತಪ್ಪೀತೆಂಬ ಭಯ ಅವರಿಗಿದೆ. ಕೆಲಸಗಾರನಾದರೋ ಆರು ತಿಂಗಳ ಒಪ್ಪಂದ ಮುಗಿಸಿ ಹೊರಟುಹೋಗುತ್ತಾನೆ. ಹೀಗಾಗಿ ತಪ್ಪು ಎದ್ದು ಕಾಣುವುದಿಲ್ಲ, ಕಾಣದ ತಪ್ಪಿನಿಂದ ಯಾರೂ ಕಲಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ದಾದಿ ಉದಾಸೀನ ಮಾಡಿದರೆ ರೋಗಿಯ ಮನೆಯವರು ಅದೇ ಸಂಜೆ ಬಾಗಿಲಲ್ಲಿ ನಿಲ್ಲುತ್ತಾರೆ. ಕಿರಿಯ ಎಂಜಿನಿಯರ್ ಹಾಕಿಸಿದ ಕೊಳವೆಬಾವಿಯ ಪಂಪು ಬೇಸಿಗೆಯಲ್ಲಿ ಕೈಕೊಟ್ಟರೆ ಪಂಚಾಯಿತಿ ಸದಸ್ಯ ಆತನನ್ನು ಚಹಾದಂಗಡಿಯ ಮುಂದೆಯೇ ತಡೆದು ಕೇಳುತ್ತಾನೆ. ಕಸುಬುದಾರರನ್ನು ತಿದ್ದುವುದು ಈ ಕೇಳುವಿಕೆಯೇ. ಹಾಗಾದರೆ ಮನೆಯ ಬಡವರನ್ನು ಕಲಿಕೆಯ ಸಾಮಗ್ರಿ ಮಾಡಿಕೊಂಡಂತಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು, ಮತ್ತು ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಹಿರಿಯರ ಮೇಲ್ವಿಚಾರಣೆ, ದೂರು ಕೊಡುವ ದಾರಿ, ಸಮಾನ ಭಾಷೆ ಇವು ಇರುವಲ್ಲಿ ನಡೆಯುವುದು ಪ್ರಯೋಗವಲ್ಲ, ಸಾಮಾನ್ಯ ಉದ್ಯೋಗ. ಇವ್ಯಾವುವೂ ಇಲ್ಲದ ಕಡೆ ಅನನುಭವಿಯನ್ನು ಕಳಿಸುವುದೇ ಪ್ರಯೋಗ.

ಕರ್ನಾಟಕದ ತರುಣರಿಗೆ ಇಂತಹ ನೆಲ ದೂರದಲ್ಲೇನೂ ಇಲ್ಲ. 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ, ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಕಡೆ ಟಿಬೆಟಿನ ನಿರಾಶ್ರಿತರು ನೆಲೆಸಿದರು, ಅವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮೈರಾಡ ಸುತ್ತಮುತ್ತಲ ಬಡ ರೈತರ ಕಡೆಗೆ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟುವ ಕೆಲಸದಲ್ಲಿ ಮುಂಚೂಣಿಗೆ ಬಂತು. ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಆರಂಭಿಸಿದ, ಇಂತಹ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮದ ಹಿಂದೆ ಆ ಅನುಭವವಿತ್ತು. ನಿರಾಶ್ರಿತರಿಗಾಗಿ ಕಲಿತದ್ದು ನೆರೆಯ ಹಳ್ಳಿಗೆ ಬಂತು ಎನ್ನುವುದು ಗಮನಿಸತಕ್ಕದ್ದು, ಏಕೆಂದರೆ ಈ ದಾರಿಯಲ್ಲಿ ಸಂಚಾರ ಎರಡೂ ಕಡೆಗೆ ನಡೆಯುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಉದಾಹರಣೆ ಇನ್ನೊಂದು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿಯನ್ನು ರೂಪಿಸಿದವರಲ್ಲಿ ಈ ಸಂಸ್ಥೆಯ ಆರ್. ಶ್ರೀನಿವಾಸ ಮೂರ್ತಿ ಪ್ರಮುಖರು. ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟ 2001ರ ವಿಶ್ವ ಆರೋಗ್ಯ ವರದಿಯ ಪ್ರಧಾನ ಸಂಪಾದಕರೂ ಅವರೇ.

ಇಷ್ಟು ದೊಡ್ಡ ಹೆಸರುಗಳಿಲ್ಲದೆಯೂ ದಾರಿ ತೆರೆದಿದೆ. ಕೃಷ್ಣಾ ತೀರದಲ್ಲಿ ಅಥವಾ ಕೊಡಗಿನಲ್ಲಿ ಮಳೆಗಾಲದ ಅನಾಹುತವಾದಾಗ ತೆರೆಯುವ ಗಂಜಿ ಕೇಂದ್ರಗಳಲ್ಲಿ, ಈಚೆಗೆ ಸರ್ಕಾರ ಕಾಳಜಿ ಕೇಂದ್ರ ಎಂದು ಕರೆಯುವ ಆ ಶಾಲಾ ಕಟ್ಟಡಗಳಲ್ಲಿ, ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ, ಯಾವ ಕೇರಿಯವರು ಬೇರೆಯವರೊಡನೆ ಉಣ್ಣಲು ಕೂರುತ್ತಿಲ್ಲ ಅಥವಾ ಕೂರಗೊಡಲಾಗುತ್ತಿಲ್ಲ, ಮಾತ್ರೆ ತಪ್ಪಿದ ಸಕ್ಕರೆ ಕಾಯಿಲೆಯ ಅಜ್ಜಿ ಯಾರು ಎಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ಬರೆದುಕೊಳ್ಳುವ ಕೆಲಸ ಮಾಡಿದವರು ನಿಷ್ಪಕ್ಷಪಾತ ಎಂಬ ತತ್ತ್ವದ ಕಷ್ಟವನ್ನು ಪುಸ್ತಕಕ್ಕಿಂತ ಚೆನ್ನಾಗಿ ಬಲ್ಲವರಾಗುತ್ತಾರೆ. ನಿಷ್ಪಕ್ಷಪಾತವೆಂದರೆ ಜಾತಿ, ಮತ, ಪಕ್ಷಗಳನ್ನು ನೋಡದೆ ಅಗತ್ಯವೊಂದನ್ನೇ ನೋಡಿ ನೆರವು ಕೊಡುವುದು. ಪರಿಚಿತರ ಒತ್ತಡದ ನಡುವೆ ಅದನ್ನು ಪಾಲಿಸಿದ ಅನುಭವ ದಕ್ಷಿಣ ಸುಡಾನಿನಲ್ಲೂ ಕೆಲಸಕ್ಕೆ ಬರುತ್ತದೆ.

ಹಾಗೆಂದು ಎಲ್ಲರೂ ತಮ್ಮ ಊರಿನಲ್ಲೇ ಉಳಿಯಲಿ ಎನ್ನುವುದು ಈ ವಾದದ ಉದ್ದೇಶವಲ್ಲ, ಮನೆಯ ಸಂಕಟ ತೀರಿದ ಮೇಲೆ ಹೊರಗಿನದು ಎಂಬ ಮಾತಿಗೆ ನೈತಿಕವಾಗಿ ಬಲವೂ ಇಲ್ಲ. ಸಂಕಟಕ್ಕೆ ಪಾಸ್‌ಪೋರ್ಟ್ ಕೇಳುವಂತಿಲ್ಲ. ಇದಲ್ಲದೆ ಕೆಲವು ಕೆಲಸಗಳನ್ನು ಹೊರಗಿನವರೇ ಮಾಡಬೇಕಾಗುತ್ತದೆ. ರೆಡ್ ಕ್ರಾಸ್ ಪ್ರತಿನಿಧಿಗಳು ಸೆರೆಮನೆಗೆ ಹೋಗಿ ಕೈದಿಗಳೊಡನೆ ಕಾವಲುಗಾರರಿಲ್ಲದೆ ಮಾತಾಡುತ್ತಾರೆ, ಕಂಡದ್ದನ್ನು ಆ ಸರ್ಕಾರಕ್ಕೇ ಗುಟ್ಟಾಗಿ ತಿಳಿಸುತ್ತಾರೆ. ಅದೇ ದೇಶದ ಪ್ರಜೆಗೆ ಈ ಕೆಲಸ ವಹಿಸಿದರೆ ಮರುದಿನ ಆತನ ಮನೆಯವರ ಮೇಲೆ ಒತ್ತಡ ಬರಬಹುದು, ಇಲ್ಲವೇ ಆತ ಯಾವ ಬಣದವನೆಂಬ ಸಂದೇಹ ಕೈದಿಗೇ ಬರಬಹುದು. ತಾಟಸ್ಥ್ಯ, ಅಂದರೆ ಕಾದಾಡುತ್ತಿರುವ ಯಾವ ಪಕ್ಷಕ್ಕೂ ವಾಲದಿರುವುದು, ಇಲ್ಲಿ ಹೊರಗಿನವನಿಗೆ ಸುಲಭವಾಗುತ್ತದೆ. ತರುಣರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಆದ್ದರಿಂದ ಹೀಗಿರುತ್ತದೆ: ಅಲ್ಲಿ ಈಗಾಗಲೇ ಇರುವವರು ಮಾಡಲಾಗದ ಯಾವ ಕೆಲಸಕ್ಕಾಗಿ ಹೊರಗಿನ ಒಬ್ಬರು ಬೇಕಾಗಿದ್ದಾರೆ, ಮತ್ತು ಆ ಕೆಲಸ ತನಗೆ ಬರುತ್ತದೆಯೇ?

ನೇಮಕಾತಿಯ ಬಾಗಿಲುಗಳ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಗಡಿಯಿಲ್ಲದ ವೈದ್ಯರು ಎಂಬ ಅರ್ಥದ ಹೆಸರುಳ್ಳ, 1971ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಎಂ.ಎಸ್.ಎಫ್. ಸಂಸ್ಥೆ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷಗಳ ವೃತ್ತಿ ಅನುಭವ ಕೇಳುತ್ತದೆ, ಮತ್ತು ಅದಕ್ಕೆ ವೈದ್ಯರಷ್ಟೇ ಲೆಕ್ಕಪರಿಶೋಧಕರು, ಉಗ್ರಾಣ ನೋಡಿಕೊಳ್ಳುವವರು, ನೀರಿನ ಎಂಜಿನಿಯರುಗಳು, ವಾಹನ ದುರಸ್ತಿ ಬಲ್ಲವರೂ ಬೇಕು. 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ 18ರಿಂದ 26 ವರ್ಷದವರಿಗೆ ಜೀವನ ನಿರ್ವಹಣೆಯ ಭತ್ಯೆ ಕೊಟ್ಟು ಅವಕಾಶ ನೀಡುತ್ತದೆ. ಇಂಗ್ಲಿಷಿನ ಜೊತೆಗೆ ಫ್ರೆಂಚ್ ಅಥವಾ ಅರಬ್ಬಿ ಬಂದರೆ ಪಶ್ಚಿಮ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಬಾಗಿಲು ತೆರೆಯುತ್ತದೆ. ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆ ಆಡುತ್ತ ಬೆಳೆದ ನಮ್ಮ ನಾಡಿನ ಮಕ್ಕಳಿಗೆ ಇದು ನಿಲುಕದ ಹಣ್ಣಲ್ಲ. ಅನ್ಯಾಯವೆನಿಸುವುದು ಇಂಟರ್ನ್‌ಶಿಪ್ಪಿನ ವ್ಯವಸ್ಥೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಗಳಿಗೆ ಸಂಬಳವಿಲ್ಲ, ಜಿನೀವಾ ಅಥವಾ ನ್ಯೂಯಾರ್ಕಿನಲ್ಲಿ ಸ್ವಂತ ಖರ್ಚಿನಲ್ಲಿ ತಿಂಗಳುಗಟ್ಟಲೆ ಬಾಳಬಲ್ಲವರಿಗೆ ಮಾತ್ರ ಅದು ಸಾಧ್ಯ. ಬಡತನವನ್ನು ಒಳಗಿನಿಂದ ಬಲ್ಲವರನ್ನೇ ಹೊರಗಿಡುವ ಈ ಪದ್ಧತಿ ಮಾನವೀಯ ಕ್ಷೇತ್ರಕ್ಕೆ ಶೋಭಿಸುವಂಥದ್ದಲ್ಲ.

ಅಪಾಯದ ಮಾತನ್ನು ಮುಚ್ಚಿಡುವುದೂ ಸರಿಯಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ 383 ನೆರವಿನ ಕಾರ್ಯಕರ್ತರು ಕೊಲ್ಲಲ್ಪಟ್ಟರು, ಅವರಲ್ಲಿ 181 ಮಂದಿ ಗಾಜಾದಲ್ಲಿ. ಸತ್ತವರಲ್ಲಿ ಬಹುಪಾಲು ಜನ ಅದೇ ದೇಶದ ಸ್ಥಳೀಯ ಸಿಬ್ಬಂದಿ. ವಿದೇಶಿ ಸಿಬ್ಬಂದಿಗಿರುವ ವೇತನವಾಗಲಿ ಸುರಕ್ಷಿತವಾಗಿ ಹೊರಹೋಗುವ ವ್ಯವಸ್ಥೆಯಾಗಲಿ ಅವರಿಗೆ ಸಿಗುವುದು ಅಪರೂಪ. ಹೊರದೇಶದ ಕೆಲಸಕ್ಕೆ ಹೊರಡುವ ಭಾರತೀಯ ತರುಣಿ ತಾನು ಈ ಅಸಮಾನತೆಯ ಮೇಲಿನ ಮೆಟ್ಟಿಲಿಗೆ ಏರುತ್ತಿದ್ದೇನೆ ಎಂಬುದನ್ನು ತಿಳಿದೇ ಹೊರಡಬೇಕು.

ಈಗ ಆ ಮೆಟ್ಟಿಲುಗಳೇ ಅಲುಗಾಡುತ್ತಿವೆ. ಮಾನವೀಯ ನೆರವಿನ ಕುರಿತ 2016ರ ಇಸ್ತಾಂಬುಲ್ ಶೃಂಗಸಭೆಯಲ್ಲಿ ದಾನಿ ದೇಶಗಳೂ ದೊಡ್ಡ ಸಂಸ್ಥೆಗಳೂ 2020ರೊಳಗೆ ನೆರವಿನ ಹಣದ ಶೇಕಡಾ 25ರಷ್ಟು ಸ್ಥಳೀಯರ ಕೈಗೆ ಸೇರಬೇಕೆಂದು ಒಪ್ಪಿಕೊಂಡವು, ಆ ಗುರಿ ಈಡೇರಲಿಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದು ಬಳಿಕ ಅದರ ಬಹುಭಾಗವನ್ನು ರದ್ದುಪಡಿಸಿದಾಗ ಇಡೀ ಕ್ಷೇತ್ರ ಕುಗ್ಗಿತು. ಮಾನವೀಯ ವ್ಯವಹಾರಗಳನ್ನು ಸಮನ್ವಯಗೊಳಿಸುವ ವಿಶ್ವಸಂಸ್ಥೆಯ ಕಚೇರಿಯೇ ಶೇಕಡಾ 20ರಷ್ಟು ಸಿಬ್ಬಂದಿ ಕಡಿತ ಪ್ರಕಟಿಸಿತು. ಮಾನವೀಯ ನೆರವಿನ ಪದವಿಯೊಂದನ್ನೇ ನಂಬಿದವರು ಇಂತಹ ಹೊತ್ತಿನಲ್ಲಿ ದಿಕ್ಕುಗಾಣದಂತಾಗುತ್ತಾರೆ. ದಾದಿ, ನೀರಿನ ಎಂಜಿನಿಯರ್, ಅಂಕಿಅಂಶ ಬಲ್ಲವರು, ಲೆಕ್ಕ ಬಲ್ಲವರು ಇವರ ಅಗತ್ಯ ರಾಯಚೂರಿನಲ್ಲೂ ಇದೆ, ಚಾಡ್ ದೇಶದಲ್ಲೂ ಇದೆ.

ಸುಡಾನಿನಲ್ಲಿ ನಡೆಯುತ್ತಿರುವುದು ಮುಂದಿನ ದಿನಗಳ ಸ್ವರೂಪವನ್ನು ತೋರಿಸುತ್ತದೆ. 2023ರ ಏಪ್ರಿಲ್ 15ರಂದು ಅಲ್ಲಿ ಯುದ್ಧ ಸಿಡಿದಾಗ ವಿದೇಶಿ ಸಂಸ್ಥೆಗಳ ಸಿಬ್ಬಂದಿ ಖಾರ್ತೂಮ್ ಬಿಟ್ಟರು. ಬಿಟ್ಟುಹೋಗಲಾರದ ನೆರೆಹೊರೆಯ ತರುಣ ತರುಣಿಯರು ತುರ್ತು ಸ್ಪಂದನಾ ಕೊಠಡಿಗಳೆಂಬ ಬಡಾವಣೆ ಮಟ್ಟದ ಗುಂಪುಗಳನ್ನು ಕಟ್ಟಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದರು, ಗಾಯಾಳುಗಳನ್ನು ಸಾಗಿಸಿದರು, ನೀರಿನ ಪಂಪು ರಿಪೇರಿ ಮಾಡಿಸಿದರು. 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದವರಲ್ಲಿ ಈ ಕೊಠಡಿಗಳೂ ಸೇರಿವೆ. ಅಮೆರಿಕದ ಹಣ ನಿಂತಾಗ ನೂರಾರು ಅಡುಗೆಮನೆಗಳು ಮುಚ್ಚಿದವು, ಏಕೆಂದರೆ ಬೇಯಿಸುವ ಕೈಗಳಿದ್ದರೂ ಬೇಳೆ ಕೊಳ್ಳುವ ಹಣವಿರಲಿಲ್ಲ. ಅಂತಹ ಗುಂಪುಗಳಿಗೆ ಹೊರಗಿನಿಂದ ಬೇಕಾಗಿರುವುದು ಅಡುಗೆ ಬಡಿಸಲು ಇನ್ನೊಂದು ಜೊತೆ ಕೈಗಳಲ್ಲ. ಬ್ಯಾಂಕು ಮುಚ್ಚಿರುವ ಊರಿಗೆ ಹಣ ತಲುಪಿಸುವ ದಾರಿ ಹುಡುಕುವವರು, ಜೋಳದ ಅಂಗಡಿಯವನ ಕೈಬರಹದ ಚೀಟಿಯನ್ನು ದಾನಿಯ ಲೆಕ್ಕಪರಿಶೋಧಕ ಒಪ್ಪುವ ದಾಖಲೆಯಾಗಿ ಜೋಡಿಸಿಕೊಡುವವರು, ಆ ಗುಂಪಿನ ಹೆಸರುಗಳು ಸೈನಿಕರ ಕೈಗೆ ಸಿಗದಂತೆ ವರದಿ ಬರೆಯಬಲ್ಲವರು ಬೇಕು. ಹುಬ್ಬಳ್ಳಿಯ ಸಹಕಾರ ಸಂಘವೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆದು, ಸದಸ್ಯರ ಸರ್ವಸಾಧಾರಣ ಸಭೆಯಲ್ಲಿ ಪ್ರತಿಯೊಂದು ರೂಪಾಯಿಗೂ ಉತ್ತರ ಕೊಟ್ಟು, ಸಂಜೆ ವೇಳೆ ಅರಬ್ಬಿ ಕಲಿತ ವಾಣಿಜ್ಯ ಪದವೀಧರೆಯೊಬ್ಬಳು ಆ ಕೆಲಸಕ್ಕೆ ಅರ್ಜಿ ಹಾಕಿದರೆ, ಮೇಲುನೋಟಕ್ಕೆ ಈ ಕ್ಷೇತ್ರಕ್ಕೆ ಏನೂ ಸಂಬಂಧವಿಲ್ಲವೆಂದು ತೋರುವ ಆ ನಾಲ್ಕು ವರ್ಷಗಳೇ ಆಕೆಯ ಅರ್ಜಿಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಸಾಲುಗಳಾಗುತ್ತವೆ.